ಮೊದಲು ಮರ, ಆಮೇಲೆ ಹತಾರ

(ಹವ್ಯಾಸಕ್ಕಾಗಿ ಮರಗೆಲಸ ಕಲಿಯಬೇಕೆಂದಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮರಗೆಲಸ ಕಲಿಯಬೇಕು ಅಂದುಕೊಂಡವರು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಮಷೀನು ತಗೊಳ್ಳಲಿ?" ಗ್ಯಾರೇಜಿನಲ್ಲಿ ಒಂದು ಮೂಲೆ ಖಾಲಿ ಇದೆ. ವಾರದ ಕೊನೆಗೆ ಸ್ವಲ್ಪ ಬಿಡುವಿದೆ. ಕೈಯಾರೆ ಏನಾದರೂ ಮಾಡಬೇಕೆಂಬ ಆಸೆ ಇದೆ. ಹಾಗಾಗಿ ಕಣ್ಣು ಹತಾರಗಳ ಕಡೆ ಹೋಗುವುದು ಸಹಜ. ಆ ಪ್ರಶ್ನೆಗೂ ಉತ್ತರ ಕೊಡುತ್ತೇನೆ, ಆದರೆ ಸ್ವಲ್ಪ ತಡವಾಗಿ. ಮೊದಲು ಮರದ ಬಗ್ಗೆ ಮಾತಾಡೋಣ. ಮರ ಹೇಗೆ ನಡೆದುಕೊಳ್ಳುತ್ತದೆ ಎಂದು ಗೊತ್ತಾದರೆ ಯಾವ ಹತಾರ ಬೇಕು, ಯಾಕೆ ಬೇಕು, ಯಾವ ಜೋಡಣೆ ನಿಲ್ಲುತ್ತದೆ, ಯಾವುದು ಬಿಟ್ಟುಕೊಳ್ಳುತ್ತದೆ ಎಲ್ಲವೂ ಅದರಿಂದಲೇ ತಿಳಿಯುತ್ತಾ ಹೋಗುತ್ತದೆ. ಇದನ್ನು ನಾನು ಪೂರ್ತಿ ನಂಬಿದ್ದೇನೆ.

ಒಂದು ಹಲಗೆ ಕೈಗೆ ತಗೊಂಡು ಅದರ ತುದಿ ನೋಡಿ. ಬೆಳವಣಿಗೆಯ ಉಂಗುರಗಳು ಕಮಾನು ಕಮಾನಾಗಿ ಕಾಣುತ್ತವೆ. ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ತೂತುಗಳೂ ಕಾಣಬಹುದು. ಮರ ಅಂದರೆ ಹುಲ್ಲಿನ ಸಿವುಡಿನ ಹಾಗೆ ಉದ್ದುದ್ದ ಕೊಳವೆಗಳ ಒಂದು ಕಟ್ಟು. ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಹೋಗುತ್ತಿದ್ದುದು ಇಂಥ ಕೊಳವೆಗಳಲ್ಲೇ. ಮರ ಕಡಿದು, ಕೊಯ್ದು, ಒಣಗಿಸಿ, ಮೇಜು ಮಾಡಿದ ಮೇಲೂ ಅವುಗಳ ಗೋಡೆಗಳು ಗಾಳಿಯಲ್ಲಿನ ತೇವವನ್ನು ಹೀರುತ್ತವೆ, ಬಿಡುತ್ತವೆ. ಇದು ನಿಲ್ಲುವುದೇ ಇಲ್ಲ. ನೂರು ವರ್ಷ ಹಳೆಯ ಬಾಗಿಲು ಕೂಡ ಮಳೆಗಾಲದಲ್ಲಿ ಬಿಗಿಯಾಗುತ್ತದೆ, ಅಲ್ವಾ?

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೊಳವೆಯ ಟೊಳ್ಳಿನಲ್ಲಿ ಒಂದಿಷ್ಟು, ಗೋಡೆಯ ಒಳಗೆ ಒಂದಿಷ್ಟು. ಒಣಗುವಾಗ ಮೊದಲು ಹೋಗುವುದು ಟೊಳ್ಳಿನ ನೀರು. ಆಗ ಮರ ಹಗುರವಾಗುತ್ತದೆ, ಅಳತೆ ಮಾತ್ರ ಹಾಗೇ ಇರುತ್ತದೆ. ಒಣ ಮರದ ತೂಕಕ್ಕೆ ಹೋಲಿಸಿದರೆ ತೇವ ಸುಮಾರು ಶೇ. 30ಕ್ಕೆ ಇಳಿದಾಗ ಟೊಳ್ಳು ಖಾಲಿಯಾಗಿರುತ್ತದೆ. ಅಲ್ಲಿಂದ ಮುಂದೆ ಗೋಡೆಯ ನೀರು ಹೊರಡುತ್ತದೆ. ಗೋಡೆ ತೆಳ್ಳಗಾಗುತ್ತದೆ, ಹಲಗೆ ಕುಗ್ಗಲು ಶುರುವಾಗುತ್ತದೆ.

ಕುಗ್ಗುವುದು ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಇದೇ ಇಡೀ ವಿಷಯದ ತಿರುಳು, ದಯವಿಟ್ಟು ಗಮನ ಕೊಡಿ. ಶೇ. 30ರಿಂದ ಪೂರ್ತಿ ಒಣಗುವವರೆಗೆ, ಉಂಗುರದ ಗುಂಟ ಮರ ಸಾಮಾನ್ಯವಾಗಿ ಶೇ. 6ರಿಂದ 10ರಷ್ಟು ಕುಗ್ಗುತ್ತದೆ. ನಡುವಿನಿಂದ ತೊಗಟೆಯ ಕಡೆಗೆ ಹೆಚ್ಚುಕಡಿಮೆ ಅದರ ಅರ್ಧ. ಉದ್ದಕ್ಕೆ ಶೇ. 0.1 ಅಥವಾ 0.2 ಮಾತ್ರ, ಅಂದರೆ ಲೆಕ್ಕಕ್ಕೇ ಇಲ್ಲ. ತೇಗದಂಥ ಮರಗಳು ಕಡಿಮೆ ಕುಗ್ಗುತ್ತವೆ. ಬೀಚ್‌ನಂಥ ಮರಗಳು ಜಾಸ್ತಿ.

ಈಗ ಸಣ್ಣ ಲೆಕ್ಕ ಮಾಡೋಣ. ಗಾಳಿಯ ಆರ್ದ್ರತೆ ಶೇ. 80 ಇದ್ದರೆ ಮರದ ತೇವ ಸುಮಾರು ಶೇ. 16ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇ. 40 ಆದರೆ ಸುಮಾರು ಶೇ. 8ಕ್ಕೆ. ಗ್ಯಾರೇಜು ಸಾಮಾನ್ಯವಾಗಿ ಮನೆಯ ಒಳಗಿಗಿಂತ ಥಂಡಿ. ಕೆಳಗೆ ಬರೀ ಕಾಂಕ್ರೀಟು, ದೊಡ್ಡ ಬಾಗಿಲು, ಸಂದಿಯಲ್ಲೆಲ್ಲ ಹೊರಗಿನ ಗಾಳಿ. ಅಲ್ಲಿ ಶೇ. 16ರ ತೇವದಲ್ಲಿರುವ ಹಲಗೆಗಳಿಂದ 600 ಮಿ.ಮೀ. ಅಗಲದ ಮೇಜು ಮಾಡಿ, ಒಣ ಕೋಣೆಗೆ ತಂದಿಟ್ಟಿರಿ ಅನ್ನಿ. ಕೆಲವು ತಿಂಗಳಲ್ಲಿ ಅದು ಶೇ. 8ಕ್ಕೆ ಇಳಿಯುತ್ತದೆ. ಉಂಗುರದ ಗುಂಟ ಶೇ. 8 ಕುಗ್ಗುವ ಜಾತಿಯ ಮರವಾದರೆ ಮೇಜಿನ ಅಗಲ 12–13 ಮಿ.ಮೀ.ನಷ್ಟು ಕಮ್ಮಿಯಾಗುತ್ತದೆ. ಒಂದು ಬೆರಳಿನಷ್ಟು! ಆ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ನಾಲ್ಕೂ ಕಡೆ ಸ್ಕ್ರೂ ಹಾಕಿ ಬಿಗಿದಿದ್ದರೆ ಏನಾಗಬೇಕು? ಅದು ಕುಗ್ಗಲೇಬೇಕು, ಚೌಕಟ್ಟು ಬಿಡುವುದಿಲ್ಲ. ಕೊನೆಗೆ ಹಲಗೆ ಸೀಳುತ್ತದೆ. ಮರದ ಈ ಎಳೆತವನ್ನು ತಡೆಯುವ ಸ್ಕ್ರೂ ಇಲ್ಲ, ಅಂಟೂ ಇಲ್ಲ.

ತಡೆಯಲು ಆಗದಿದ್ದರೆ ಜಾಗ ಮಾಡಿಕೊಡಬೇಕು. ಹಳೇ ಕಾಲದ ಬಾಗಿಲು ನೆನಪು ಮಾಡಿಕೊಳ್ಳಿ. ಸುತ್ತ ಚೌಕಟ್ಟು, ನಡುವೆ ಹಲಗೆ. ಅದು ಬರೀ ಅಂದಕ್ಕೆ ಮಾಡಿದ್ದಲ್ಲ. ನಡುವಿನ ಹಲಗೆ ಚೌಕಟ್ಟಿನ ಗಾಡಿಯಲ್ಲಿ (ಅಂಚಿನುದ್ದಕ್ಕೂ ಕೊರೆದ ಸಣ್ಣ ಕಾಲುವೆಯಲ್ಲಿ) ಸುಮ್ನೆ ಕೂತಿರುತ್ತದೆ, ಅದಕ್ಕೆ ಅಂಟು ಹಾಕಿರುವುದಿಲ್ಲ. ಅದು ತನ್ನ ಪಾಡಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಚೌಕಟ್ಟಿನ ಪಟ್ಟಿಗಳು ಕಿರಿದು. ಉದ್ದಕ್ಕೆ ಮರ ಕದಲುವುದಿಲ್ಲ. ಹಾಗಾಗಿ ಬಾಗಿಲಿನ ಹೊರ ಅಳತೆ ಹೆಚ್ಚು ಬದಲಾಗುವುದಿಲ್ಲ. ಮೇಜಿನ ಹಲಗೆಯನ್ನು ಬಿಗಿಯುವಾಗ ಸ್ಕ್ರೂ ತೂತನ್ನು ಉದ್ದುದ್ದ ಕೊರೆಯುವುದೂ ಇದಕ್ಕೇ. ಸ್ಕ್ರೂ ಹಲಗೆಯನ್ನು ಕೆಳಕ್ಕೆ ಹಿಡಿದಿರುತ್ತದೆ, ಅತ್ತಿತ್ತ ಸರಿಯಲು ಬಿಡುತ್ತದೆ. ಇಂಥದ್ದನ್ನೆಲ್ಲ ಕಂಡುಕೊಂಡವರ ಬಗ್ಗೆ ನನಗೆ ತುಂಬಾ ಗೌರವ. ಅವರ ಹತ್ತಿರ ತೇವ ಅಳೆಯುವ ಮೀಟರ್ ಇರಲಿಲ್ಲ. ಮರವನ್ನು ವರ್ಷಗಟ್ಟಲೆ ನೋಡಿ ನೋಡಿ ತಿಳಿದುಕೊಂಡರು.

ಹಲಗೆ ಯಾವ ಕಡೆ ಬಾಗುತ್ತದೆ ಎಂಬುದನ್ನೂ ತುದಿಯ ಉಂಗುರವೇ ಹೇಳುತ್ತದೆ. ಒಣಗುವಾಗ ಉಂಗುರದ ಕಮಾನು ನೆಟ್ಟಗಾಗಲು ನೋಡುತ್ತದೆ. ಅಷ್ಟು ನೆನಪಿಟ್ಟುಕೊಂಡರೆ ಸಾಕು. ಅಂದರೆ ತೊಗಟೆಯ ಕಡೆಯ ಮುಖ ಒಳಕ್ಕೆ ತಗ್ಗಾಗುತ್ತದೆ. ಉಂಗುರದ ಗೆರೆಗಳು ಹಲಗೆಯ ಮುಖಕ್ಕೆ ನೇರ ಲಂಬವಾಗಿ ನಿಂತಿದ್ದರೆ ಆ ಹಲಗೆ ಬಾಗುವುದು ಕಮ್ಮಿ, ಅಗಲದಲ್ಲಿ ಕುಗ್ಗುವುದೂ ಹೆಚ್ಚುಕಡಿಮೆ ಅರ್ಧ. ಅಂಥ ಹಲಗೆ ಸಿಕ್ಕರೆ ಬಿಡಬೇಡಿ.

ಇಲ್ಲಿ ಒಬ್ಬರು ಕೇಳಿದರು: "ತಂದ ಹಲಗೆ ಒಣಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಮೀಟರ್ ಬೇಕೇ ಬೇಕಾ?"

ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತಕ್ಕಡಿ ಸಾಕು. ಹಲಗೆಯ ಒಂದು ತುಂಡನ್ನು ತೂಗಿ, ತಾರೀಖು ಮತ್ತು ತೂಕ ಎರಡನ್ನೂ ಅದರ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ವಾರ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುತ್ತಿದ್ದರೆ ನೀರು ಇನ್ನೂ ಹೋಗುತ್ತಿದೆ ಎಂದು ಅರ್ಥ. ಇಳಿಯುವುದು ನಿಂತರೆ ಮರ ಆ ಜಾಗದ ಗಾಳಿಗೆ ಹೊಂದಿಕೊಂಡಿದೆ. ಈ ತೂಗುವ ಕೆಲಸವನ್ನು ಗ್ಯಾರೇಜಿನಲ್ಲಿ ಮಾಡಬೇಡಿ. ಮಾಡಿದ ವಸ್ತು ಕೊನೆಗೆ ಎಲ್ಲಿ ಇರುತ್ತದೋ ಆ ಕೋಣೆಯಲ್ಲಿ ಮಾಡಿ. ಹಲಗೆಗಳನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಒಂದರ ಮೇಲೊಂದು ಇಡುವಾಗ ನಡುವೆ ಸಮ ದಪ್ಪದ ಪಟ್ಟಿಗಳನ್ನಿಡಿ. ಗಾಳಿ ಎರಡೂ ಮುಖಕ್ಕೆ ಒಂದೇ ಸಮ ಆಡಬೇಕು. ಹಸಿ ಹಲಗೆಯನ್ನು ಗಾಳಿಗೆ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಅಂದಾಜು ಇದೆ. ಜಾತಿ, ಹವೆ ನೋಡಿಕೊಂಡು ಅದು ಹೆಚ್ಚುಕಮ್ಮಿ ಆಗುತ್ತದೆ.

ಈಗ ಹತಾರದ ಮಾತಿಗೆ ಬರೋಣ. ಕೊಳವೆಗಳ ಕಟ್ಟನ್ನು ಕತ್ತರಿಸಲು ಬೇಕಾದ್ದು ಹರಿತವಾದ ಅಂಚು. ಉಳಿಯಾಗಲಿ, ಹಲಗೆಯ ಮುಖ ಕೀಸಿ ನುಣುಪು ಮಾಡುವ ಹತ್ತರಿಯಾಗಲಿ (ಕೀಸುಳಿ ಎಂದರೂ ಅದೇ), ಅದರಲ್ಲಿ ಕೆಲಸ ಮಾಡುವುದು ಅಂಚು ಮಾತ್ರ, ಮಿಕ್ಕಿದ್ದೆಲ್ಲ ಅದನ್ನು ಹಿಡಿದುಕೊಳ್ಳುವ ವ್ಯವಸ್ಥೆ. ಹಾಗಾಗಿ ನೀವು ಮೊದಲು ಕಲಿಯಬೇಕಾದ ವಿದ್ಯೆ ಸಾಣೆ ಹಿಡಿಯುವುದು. ಮೊದಲು ಕೊಳ್ಳಬೇಕಾದ ವಸ್ತುವೂ ಸಾಣೆಕಲ್ಲೇ.

ಉಳಿಯ ಅಂಚು ಅಂದರೆ ಎರಡು ಮುಖ ಸೇರುವ ಗೆರೆ. ಹಿಂಬದಿಯ ಚಪ್ಪಟೆ ಮುಖ ಒಂದು, ಮುಂದಿನ ಇಳಿಜಾರು ಮುಖ ಇನ್ನೊಂದು. ಎರಡೂ ನುಣುಪಾಗಿದ್ದರೆ ಮಾತ್ರ ಗೆರೆ ಹರಿತ. ಹೊಸ ಉಳಿಯ ಹಿಂಬದಿ ಸಾಮಾನ್ಯವಾಗಿ ಒರಟಾಗಿರುತ್ತದೆ. ಅಂಚಿನ ಪಕ್ಕದ ಒಂದು ಬೆರಳಗಲವನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಉಜ್ಜಿ ಕನ್ನಡಿ ಮಾಡಿ. ಒಮ್ಮೆ ಮಾಡಿದರೆ ಬಹುಕಾಲ ಸಾಕು. ಇಳಿಜಾರನ್ನು 25 ಡಿಗ್ರಿಗೆ ತಂದು, ತೀರಾ ತುದಿಯನ್ನು ಮಾತ್ರ 30 ಡಿಗ್ರಿಗೆ ಉಜ್ಜುವುದು ರೂಢಿ. ಹಾಗೆ ಮಾಡಿದರೆ ಮುಂದಿನ ಸಲ ಉಜ್ಜಬೇಕಾದದ್ದು ಕೂದಲೆಳೆಯಷ್ಟು ಅಗಲದ ಪಟ್ಟಿ ಮಾತ್ರ. 1000 ಗ್ರಿಟ್ ಕಲ್ಲಿನಲ್ಲಿ ಉಜ್ಜುತ್ತಾ ಹೋಗಿ (ಗ್ರಿಟ್ ಅಂದರೆ ಕಲ್ಲಿನ ಕಣದ ಅಳತೆ, ಅಂಕಿ ಹೆಚ್ಚಾದಷ್ಟೂ ಕಲ್ಲು ನಯ). ಹಿಂಬದಿಯಲ್ಲಿ ಬೆರಳನ್ನು ಹೊರಕ್ಕೆ ಜಾರಿಸಿದರೆ ಅಂಚಿನುದ್ದಕ್ಕೂ ಉಕ್ಕಿನ ತೆಳ್ಳನೆಯ ಮಡಿಕೆ ತಾಗಬೇಕು. ಅದು ತಾಗುವವರೆಗೆ ನಿಲ್ಲಿಸಬೇಡಿ. ತಾಗಿತು ಅಂದರೆ ಎರಡೂ ಮುಖ ಸೇರಿವೆ. ಆಮೇಲೆ 4000, 8000 ಗ್ರಿಟ್‌ಗಳಲ್ಲಿ ನುಣುಪು ಮಾಡಿ, ಹಿಂಬದಿಯನ್ನು ಒಮ್ಮೆ ಚಪ್ಪಟೆಯಾಗಿ ಎಳೆದು ಮಡಿಕೆ ತೆಗೆಯಿರಿ. ಇಷ್ಟೇ. ಕೋನ ಹಿಡಿಯುವ ಚಕ್ರದ ಗೈಡು ಸಿಗುತ್ತದೆ, ಸಂಕೋಚವಿಲ್ಲದೆ ಬಳಸಿ. ಕಲ್ಲೂ ಸವೆದು ನಡುವೆ ಗುಳಿ ಬೀಳುತ್ತದೆ, ಆಗಾಗ ಅದನ್ನೂ ಚಪ್ಪಟೆ ಮಾಡಬೇಕು.

ಹರಿತವಾಯಿತೋ ಇಲ್ಲವೋ ಪರೀಕ್ಷಿಸಲು ಹಲವರು ಕೈಮೇಲಿನ ಕೂದಲು ಕೆರೆಯುತ್ತಾರೆ. ನನಗೆ ಪೈನ್ ಮರದ ತುದಿಯೇ ಒಳ್ಳೆಯ ಪರೀಕ್ಷೆ. ಪೈನ್ ಮೆತ್ತಗಿನ ಮರ. ಅದರ ತುದಿಯಲ್ಲಿ ಕೊಳವೆಗಳು ಬಾಯಿ ತೆರೆದುಕೊಂಡು ನಿಂತಿರುತ್ತವೆ. ಮೊಂಡು ಉಳಿ ಅವನ್ನು ಕತ್ತರಿಸುವುದಿಲ್ಲ, ಮಲಗಿಸಿ ಜಜ್ಜುತ್ತದೆ. ಮೇಲ್ಮೈ ಪುಡಿಪುಡಿಯಾಗಿ ಬಿಳಿಚಿಕೊಳ್ಳುತ್ತದೆ. ಹರಿತವಾದ ಉಳಿ ಹಾದುಹೋದ ಜಾಗ ಮೇಣ ಸವರಿದ ಹಾಗೆ ಹೊಳೆಯುತ್ತದೆ. ಮೆತ್ತಗಿನ ಮರಕ್ಕೆ ಗಟ್ಟಿ ಮರಕ್ಕಿಂತ ಹೆಚ್ಚು ಹರಿತ ಬೇಕು. ಕಲಿಯುವವರಿಗೆ ಇದು ಆಶ್ಚರ್ಯ ಅನಿಸುತ್ತದೆ, ಆದರೆ ಕೊಳವೆಯ ಚಿತ್ರ ಮನಸ್ಸಿನಲ್ಲಿದ್ದರೆ ಕಾರಣ ತಾನಾಗಿ ಹೊಳೆಯುತ್ತದೆ.

ಹತ್ತರಿ ಹೊಡೆಯುವಾಗಲೂ ಅಷ್ಟೇ. ಹಲಗೆಯ ಪಕ್ಕದ ಅಂಚಿನಲ್ಲಿ ನಾರು, ಅಂದರೆ ಅದೇ ಕೊಳವೆಗಳ ಸಾಲು, ಯಾವ ಕಡೆ ಏರುತ್ತಿದೆ ನೋಡಿ. ನಾರು ಏರುವ ದಿಕ್ಕಿಗೇ ಹತ್ತರಿ ತಳ್ಳಿದರೆ ಅಲಗು ನಾರನ್ನು ಕತ್ತರಿಸುತ್ತಾ ಹೋಗುತ್ತದೆ, ಉದ್ದನೆಯ ಸುರುಳಿ ಏಳುತ್ತದೆ. ಎದುರು ತಳ್ಳಿದರೆ ಅಲಗು ನಾರಿನ ಸಂದಿಗೆ ನುಗ್ಗಿ ಎಬ್ಬುತ್ತದೆ, ಮುಖ ಕಿತ್ತುಬರುತ್ತದೆ. ಸದ್ದೂ ಬೇರೆ ಬರುತ್ತದೆ. ಸರಿಯಾದ ದಿಕ್ಕಿನಲ್ಲಿ ಒಂದೇ ಸಮನಾದ ಶ್ರುತಿ, ತಪ್ಪು ದಿಕ್ಕಿನಲ್ಲಿ ಗರಗರ. ಗಂಟಿನ ಸುತ್ತ ನಾರು ಎರಡೂ ಕಡೆ ಹೊರಳುವುದರಿಂದ ಅಲ್ಲಿ ಅಲಗನ್ನು ತೀರಾ ಕಡಿಮೆ ಹೊರಗಿಟ್ಟು ನಿಧಾನ ಹೋಗಬೇಕು. ಈ ಉಪಕರಣದ ವಯಸ್ಸು ಎಷ್ಟು ಗೊತ್ತಾ? ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪೊಂಪೇ ನಗರದಲ್ಲೂ ಹತ್ತರಿ ಸಿಕ್ಕಿದೆ. ಇವತ್ತಿನ ಬಡಗಿಯ ಕೈಗೆ ಅದನ್ನು ಕೊಟ್ಟರೆ ಏನು, ಎತ್ತ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಗುರುತು ಹಾಕುವುದು. ಪೆನ್ಸಿಲಿನ ಗೆರೆಗೆ ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ. ಗರಗಸ ಗೆರೆಯ ಈಚೆ ಹೋಗಬೇಕೋ ಆಚೆಯೋ? ಜೋಡಣೆಯಲ್ಲಿ ಅರ್ಧ ಮಿಲಿಮೀಟರ್ ಅಂದರೆ ದೊಡ್ಡ ಸಂದಿ. ಅದಕ್ಕೇ ನಾರಿಗೆ ಅಡ್ಡ ಬರುವ ಗೆರೆಯನ್ನು ಚಾಕುವಿನಲ್ಲಿ ಹಾಕಬೇಕು. ಚಾಕುವಿನ ಗೆರೆಗೆ ದಪ್ಪ ಇಲ್ಲ. ಅದರ ಜೊತೆಗೆ ಮೇಲಿನ ನಾರು ಆಗಲೇ ಕತ್ತರಿಸಿರುವುದರಿಂದ ಗರಗಸ ಆಡುವಾಗ ಅಂಚು ಸಿಬಿರು ಏಳುವುದಿಲ್ಲ. ಗೆರೆಯ ಬೇಡದ ಕಡೆಯಿಂದ ಉಳಿಯಲ್ಲಿ ಒಂದು ಸಣ್ಣ ಓರೆ ಚಕ್ಕೆ ತೆಗೆದರೆ ಗರಗಸ ಕೂರಲು ಗಟ್ಟಿ ಗೋಡೆ ಸಿಗುತ್ತದೆ. ಕೈ ಪಳಗದವರೂ ಇದರಿಂದ ನೇರ ಕೊಯ್ಯಬಲ್ಲರು.

ಮೂಲೆಮಟ್ಟವನ್ನು (ಲಂಬ ಕೋನ ನೋಡುವ ಹತಾರ) ಯಾವಾಗಲೂ ಒಂದೇ ಮುಖಕ್ಕೆ, ಒಂದೇ ಅಂಚಿಗೆ ಹಿಡಿಯಿರಿ. ಹಲಗೆಯ ಒಂದು ಮುಖ, ಒಂದು ಅಂಚನ್ನು ಸರಿಯಾಗಿ ಸಮ ಮಾಡಿ ಗುರುತು ಹಾಕಿಟ್ಟುಕೊಂಡರೆ ಎಲ್ಲ ಅಳತೆಯೂ ಅಲ್ಲಿಂದ ಶುರು. ಇನ್ನೂ ಒಂದು ಮಾತು: ಟೇಪು ಆದಷ್ಟು ಕಮ್ಮಿ ಬಳಸಿ. ಡ್ರಾಯರ್ ಕೂರಬೇಕಾದ ಜಾಗ ಎಷ್ಟಿದೆಯೋ ಅಲ್ಲಿಗೇ ಮರದ ತುಂಡು ಹಿಡಿದು ಚಾಕುವಿನಲ್ಲಿ ಗುರುತು ಹಾಕಿ. ಅಂಕಿ ಓದುವುದು, ನೆನಪಿಡುವುದು, ಮತ್ತೆ ಹಾಕುವುದು, ಈ ಮೂರು ಕಡೆಯೂ ವ್ಯತ್ಯಾಸ ಬರುವುದಕ್ಕೆ ಜಾಗವೇ ಇಲ್ಲದಂತಾಗುತ್ತದೆ.

ಹಲಗೆ ತಿರುಚಿಕೊಂಡಿದೆಯಾ ಎಂದು ನೋಡಲು ಎರಡು ನೇರ ಪಟ್ಟಿಗಳು ಸಾಕು. ಒಂದನ್ನು ಈ ತುದಿಗೆ, ಇನ್ನೊಂದನ್ನು ಆ ತುದಿಗೆ ಅಡ್ಡ ಇಡಿ. ಬಗ್ಗಿ, ಒಂದು ಕಣ್ಣು ಮುಚ್ಚಿ, ಈಚಿನ ಪಟ್ಟಿಯ ಮೇಲಂಚಿನಿಂದ ಆಚಿನದನ್ನು ನೋಡಿ. ಎರಡೂ ಅಂಚು ಸಮನಾಗಿ ಕಂಡರೆ ಹಲಗೆ ನೆಟ್ಟಗಿದೆ. ಒಂದು ಕಡೆ ಎತ್ತರ ಕಂಡರೆ ಅಲ್ಲಿ ಹತ್ತರಿ ಹೊಡೆಯಬೇಕು. ಪಟ್ಟಿ ಹಲಗೆಯ ಅಗಲಕ್ಕಿಂತ ಉದ್ದವಿದ್ದಷ್ಟೂ ತಿರುಚು ದೊಡ್ಡದಾಗಿ ಕಾಣುತ್ತದೆ. ಎಷ್ಟು ಸರಳ, ಎಷ್ಟು ನಿಖರ! ನನಗೆ ಇದು ಮರಗೆಲಸದ ಅತ್ಯಂತ ಚೆಂದದ ಉಪಾಯ.

ಒಬ್ಬ ಹುಡುಗಿ ಎದ್ದು ಕೇಳಿದಳು: "ಮೊದಲು ಏನು ಮಾಡಲಿ? ಕುರ್ಚಿ ಮಾಡಬಹುದಾ?"

ಕುರ್ಚಿ ಸ್ವಲ್ಪ ಕಾಯಲಮ್ಮಾ. ಅದರಲ್ಲಿ ಲಂಬ ಕೋನವೇ ಅಪರೂಪ, ಮೇಲೆ ಕೂತವರ ಭಾರವೆಲ್ಲ ಜೋಡಣೆಗಳ ಮೇಲೆ ಬೀಳುತ್ತದೆ. ಮೊದಲು ಬೆಂಚ್ ಹುಕ್ ಮಾಡು. ಒಂದು ಚಪ್ಪಟೆ ತಳ. ಒಂದು ತುದಿಯಲ್ಲಿ ಕೆಳಗೆ ಪಟ್ಟಿ, ಅದು ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ಮೇಲೆ ಪಟ್ಟಿ, ಅದಕ್ಕೆ ಮರದ ತುಂಡನ್ನು ಒತ್ತಿ ಹಿಡಿದು ಕೊಯ್ಯಬಹುದು. ಮಾಡಿದ ದಿನದಿಂದಲೇ ಅದು ನಿನಗೆ ಕೆಲಸಕ್ಕೆ ಬರುತ್ತದೆ. ತಳಕ್ಕೆ ಪ್ಲೈವುಡ್ ಹಾಕು. ಯಾಕೆ ಅಂದರೆ ಪಟ್ಟಿ ತಳಕ್ಕೆ ಅಡ್ಡ ಬರುತ್ತದೆ. ತಳ ಹಲಗೆಯದ್ದಾದರೆ ಅದು ಅಗಲಕ್ಕೆ ಕದಲುತ್ತದೆ, ಪಟ್ಟಿ ಉದ್ದಕ್ಕೆ ಕದಲುವುದಿಲ್ಲ, ಇಬ್ಬರಿಗೂ ಜಗಳ. ಪ್ಲೈವುಡ್‌ನಲ್ಲಿ ಪದರಗಳ ನಾರು ಒಂದಕ್ಕೊಂದು ಅಡ್ಡ ಇರುವುದರಿಂದ ಒಂದು ಪದರ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ, ಕದಲಾಟ ತುಂಬಾ ಕಮ್ಮಿ.

ಆಮೇಲೆ ಪೆಟ್ಟಿಗೆ. ನಾಲ್ಕು ಗೋಡೆ, ಒಂದು ತಳ, ಒಂದು ಮುಚ್ಚಳ. ನಾಲ್ಕೂ ಗೋಡೆಗಳಲ್ಲಿ ನಾರು ಪೆಟ್ಟಿಗೆಯ ಸುತ್ತ ಓಡುವ ಹಾಗೆ ಕೊಯ್ದುಕೊಂಡರೆ ಎಲ್ಲ ಗೋಡೆಯೂ ಎತ್ತರದಲ್ಲಿ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ, ಮೂಲೆಗೆ ತೊಂದರೆ ಇಲ್ಲ. ತಳದ ಹಲಗೆ ಮಾತ್ರ ಗಾಡಿಯಲ್ಲಿ ಅಂಟಿಲ್ಲದೆ ಕೂರಬೇಕು. ಅಂಟು ಹಾಕಿದ ಮೇಲೆ ಕರ್ಣಗಳೆರಡನ್ನೂ ಅಳೆಯಬೇಕು. ಸಮ ಇದ್ದರೆ ಪೆಟ್ಟಿಗೆ ಮೂಲೆಗಟ್ಟಾಗಿದೆ. ಇಲ್ಲದಿದ್ದರೆ ಉದ್ದ ಇರುವ ಕರ್ಣದ ಕಡೆ ಕ್ಲಾಂಪ್ ಹಾಕಿ ಸ್ವಲ್ಪ ಒತ್ತಿ. ಅಂಟು ಹಸಿ ಇರುವಾಗಲೇ ಇದಾಗಬೇಕು. ಒಂದೇ ಪೆಟ್ಟಿಗೆಯನ್ನು ಮತ್ತೆ ಮತ್ತೆ ಮಾಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಎರಡನೆಯದರ ಮೂಲೆ ಮೊದಲನೆಯದಕ್ಕಿಂತ ಬಿಗಿಯಾಗಿ ಕೂತಾಗ ಆಗುವ ಸಂತೋಷ ಹೊಸ ಮಷೀನು ತಂದಾಗ ಆಗುವುದಿಲ್ಲ.

ಅಂಟಿನ ಬಗ್ಗೆ ಒಂದು ಮಾತು. ನಾರಿನ ಬದಿಗೆ ನಾರಿನ ಬದಿ ತಾಗಿದರೆ ಮಾಮೂಲಿ ಬಿಳಿ ಅಂಟು ಸಾಕು. ಎಳೆದರೆ ಅಂಟಿನ ಪಕ್ಕದ ಮರ ಸೀಳುತ್ತದೆಯೇ ಹೊರತು ಅಂಟು ಬಿಡುವುದಿಲ್ಲ. ಕೊಳವೆಯ ಬಾಯಿ ಕಡೆಗೆ ಅಂಟಿಸಿದರೆ ಕಥೆ ಬೇರೆ. ಅಂಟು ಕೊಳವೆಯ ಒಳಕ್ಕೆ ಹೀರಿಹೋಗುತ್ತದೆ, ಹಿಡಿತ ಬಹಳ ಕಮ್ಮಿ. ಜೋಡಣೆ ಕೊರೆಯುವುದು ಇದಕ್ಕಾಗಿಯೇ. ಒಂದು ಮರದಲ್ಲಿ ತೂತು, ಇನ್ನೊಂದರಲ್ಲಿ ಅದಕ್ಕೆ ಹೊಂದುವ ನಾಲಿಗೆ ಮಾಡಿದರೆ, ನಾಲಿಗೆಯ ಕೆನ್ನೆಗಳು ತೂತಿನ ಗೋಡೆಗೆ ಬದಿಗೆ ಬದಿಯಾಗಿ ಅಂಟುತ್ತವೆ. ಪೂರ್ವ ಜರ್ಮನಿಯಲ್ಲಿ ಓಕ್ ಮರದಿಂದ ಕಟ್ಟಿದ ಬಾವಿಗಳು ಸಿಕ್ಕಿವೆ. ಸುಮಾರು 7,000 ವರ್ಷ ಹಳೆಯವು, ಮರದ ಉಂಗುರ ಎಣಿಸಿ ಕಾಲ ಹೇಳಿದ್ದಾರೆ. ಲೋಹ ಬಳಕೆಗೆ ಬರುವ ಮೊದಲೇ, ಕಲ್ಲಿನ ಹತಾರದಲ್ಲಿ, ತೂತು–ನಾಲಿಗೆಯ ಜೋಡಣೆ ಮಾಡಿ ಬೆಣೆ ಹೊಡೆದಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ ಜಾಂಬಿಯಾದ ಕಲಾಂಬೊ ಜಲಪಾತ. ಅಲ್ಲಿ ಒಂದರ ಮೇಲೊಂದು ಅಡ್ಡ ಕೂರುವಂತೆ ಕಚ್ಚು ಕೊರೆದ ಎರಡು ದಿಮ್ಮಿಗಳು ದೊರೆತವು. 2023ರಲ್ಲಿ ಸಂಶೋಧಕರು ಅವುಗಳ ವಯಸ್ಸು ಕನಿಷ್ಠ 4,76,000 ವರ್ಷ ಎಂದು ಪ್ರಕಟಿಸಿದರು. ನಮ್ಮ ಪ್ರಭೇದದ (ಹೋಮೋ ಸೇಪಿಯನ್ಸ್) ಮನುಷ್ಯರ ಅತಿ ಹಳೆಯ ಮೂಳೆಗಳಿಗೆ ಸುಮಾರು 3,00,000 ವರ್ಷ. ನಾವು ಬರುವ ಮೊದಲೇ ಯಾರೋ ಕಚ್ಚು ಕೊರೆದು ಮರಕ್ಕೆ ಮರ ಕೂರಿಸಿದ್ದರು! ಆ ಬಾವಿ, ಈ ದಿಮ್ಮಿ ಎರಡೂ ಉಳಿದದ್ದು ನೀರಿನಲ್ಲಿ ನೆನೆದುಕೊಂಡೇ ಇದ್ದುದರಿಂದ. ಗಾಳಿ ಆಡದ ಕಡೆ ಮರ ಕೊಳೆಯುವುದು ತೀರಾ ನಿಧಾನ.

"ಎಲ್ಲ ಕೈಯಲ್ಲೇ ಮಾಡಬೇಕು ಅಂತೀರಾ?" ಎಂದು ಒಬ್ಬ ಹಿರಿಯರು ಕೇಳಿದರು.

ಇಲ್ಲ ಸರ್. ದಪ್ಪ ಹಲಗೆಯನ್ನು ಉದ್ದಕ್ಕೆ ಸೀಳುವುದು ಕೈಗೆ ಬಹಳ ಕಷ್ಟ. ಆ ಕೆಲಸಕ್ಕೆ ಮಷೀನು ಬೇಕು ಅನಿಸಿದರೆ ತಪ್ಪಲ್ಲ. ನನ್ನ ಸಲಹೆ ಇಷ್ಟು: ಡ್ರಿಲ್ ಮೊದಲ ದಿನದಿಂದಲೇ ಇರಲಿ. ಮಿಕ್ಕ ಮಷೀನುಗಳನ್ನು, ಆ ಕೆಲಸವನ್ನು ಕೈಯಲ್ಲಿ ಕೆಲವು ಸಲ ಮಾಡಿ ನೋಡಿದ ಮೇಲೆ ತನ್ನಿ. ಜಾಗ ಚಿಕ್ಕದಾಗಿದ್ದರೆ ಟೇಬಲ್ ಸಾಗಿಂತ (ಮೇಜಿನಿಂದ ಮೇಲೆದ್ದು ತಿರುಗುವ ದುಂಡು ಅಲಗಿನ ಗರಗಸ) ಬ್ಯಾಂಡ್ ಸಾ (ಮೇಲಿಂದ ಕೆಳಕ್ಕೆ ಓಡುವ ಪಟ್ಟಿ ಅಲಗಿನ ಗರಗಸ) ವಾಸಿ ಅನ್ನುವುದು ನನ್ನ ಅಭಿಪ್ರಾಯ. ಅದರ ಅಲಗು ಮರವನ್ನು ಮೇಜಿಗೇ ಒತ್ತುತ್ತದೆ, ಹಿಂದಕ್ಕೆ ಎಸೆಯುವುದಿಲ್ಲ. ಬೆರಳಿಗೆ ಅದೂ ಅಪಾಯವೇ, ಮರೆಯಬೇಡಿ.

ಎಸೆಯುವ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೂ ಮೂಲ ಕಾರಣ ಮರದ್ದೇ. ಟೇಬಲ್ ಸಾದ 250 ಮಿ.ಮೀ. ಅಲಗು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 188 ಕಿ.ಮೀ. ಮರ ಬೆಳೆಯುವಾಗ, ಒಣಗುವಾಗ ಅದರೊಳಗೆ ಬಿಗಿತ ಉಳಿದುಕೊಂಡಿರುತ್ತದೆ. ಕೊಯ್ದ ಕೂಡಲೇ ಆ ಬಿಗಿತ ಸಡಿಲಾಗಿ ಎರಡು ಹೋಳುಗಳು ಕೆಲವೊಮ್ಮೆ ಒಳಕ್ಕೆ ಮುಚ್ಚಿಕೊಂಡು ಅಲಗಿನ ಹಿಂಭಾಗವನ್ನು ಹಿಡಿಯುತ್ತವೆ. ಅಲ್ಲಿ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಹಲಗೆಯನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತವೆ. ಅಲಗಿನ ಹಿಂದೆ ನಿಲ್ಲುವ ತೆಳು ಉಕ್ಕಿನ ತಗಡು, ರೈವಿಂಗ್ ನೈಫ್, ಆ ಸಂದಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಅದನ್ನು ಬಿಚ್ಚಿಟ್ಟು ಕೆಲಸ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಅಲಗಿನ ನೇರಕ್ಕೆ ನಿಲ್ಲಬೇಡಿ. ತಿರುಗುವ ಅಲಗಿನ ಹತ್ತಿರ ಕೈಗವಸು, ಸಡಿಲ ತೋಳು, ಇಳಿಬಿದ್ದ ಕೂದಲು ಬೇಡ.

ಕಿವಿ ಮುಚ್ಚಿಕೊಳ್ಳಿ. ವಿದ್ಯುತ್ ಗರಗಸದ ಸದ್ದು 100 ಡೆಸಿಬೆಲ್ ಆಸುಪಾಸು. ಆ ಸದ್ದನ್ನು ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಕೇಳಬಾರದು ಎಂಬುದು ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ (NIOSH) ಸಂಸ್ಥೆಯ ಶಿಫಾರಸಿನ ಲೆಕ್ಕ.

ಪುಡಿಯ ವಿಷಯ ಇನ್ನೂ ಮುಖ್ಯ. ನೆಲಕ್ಕೆ ಬೀಳುವ ಹೊಟ್ಟಿಗೆ ಹೆದರಬೇಕಿಲ್ಲ, ಗುಡಿಸಿದರಾಯಿತು. ಕಣ್ಣಿಗೆ ಕಾಣದ ನಯವಾದ ಪುಡಿ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮುಖ್ಯವಾಗಿ ಮೂಗಿನ ಕ್ಯಾನ್ಸರ್. ಹವ್ಯಾಸಿಗಳು ದಿನವಿಡೀ ಪುಡಿಯಲ್ಲಿ ಇರುವುದಿಲ್ಲ ನಿಜ. ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ಸ್ಯಾಂಡರ್ (ಮರಳುಕಾಗದದಲ್ಲಿ ಉಜ್ಜುವ ಮಷೀನು) ಆಡಿಸಿದರೆ ಗಾಳಿ ಬೇಗ ಕೆಡುತ್ತದೆ. ಬಾಗಿಲು ತೆರೆಯಿರಿ, ಎನ್95 ಮಾಸ್ಕ್ ಹಾಕಿ, ಮಷೀನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ತೆಗೆಯಬೇಡಿ. ಹತ್ತರಿಯಲ್ಲಿ ನುಣುಪು ಮಾಡಿದರೆ ಬರುವುದು ಸುರುಳಿ, ಪುಡಿಯಲ್ಲ. ನಾನು ಕೈ ಹತಾರಕ್ಕೆ ಜಾಸ್ತಿ ಒತ್ತು ಕೊಡಲು ಇದೂ ಒಂದು ಕಾರಣ. ರಾತ್ರಿ ಹೊತ್ತು ಮನೆಯವರು ಮಲಗಿದ ಮೇಲೂ ಕೆಲಸ ಮಾಡಬಹುದು, ಯಾರ ನಿದ್ದೆಯೂ ಕೆಡುವುದಿಲ್ಲ.

ಮೇಲೆ ಹಚ್ಚುವ ಎಣ್ಣೆ, ವಾರ್ನಿಶ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವ ಲೇಪವೂ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಹಾಗಾಗಿ ಹಲಗೆಯ ಕಾಣದ ಮುಖಕ್ಕೂ ಅಷ್ಟೇ ಸಲ ಹಚ್ಚಿ. ಇಲ್ಲದಿದ್ದರೆ ಒಂದು ಮುಖ ಬೇಗ ಹೀರಿ, ಇನ್ನೊಂದು ನಿಧಾನ ಹೀರಿ, ಹಲಗೆ ಬಾಗುತ್ತದೆ. ಕಲಿಯುವವರಿಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಶೆಲಾಕ್ ಒಳ್ಳೆಯದು. ಬೇಗ ಒಣಗುತ್ತದೆ, ಚೆನ್ನಾಗಿ ಬರಲಿಲ್ಲ ಅಂದರೆ ಸ್ಪಿರಿಟ್‌ನಲ್ಲೇ ಒರೆಸಿ ತೆಗೆಯಬಹುದು. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯ ಬಗ್ಗೆ ತುಂಬಾ ಎಚ್ಚರ ಬೇಕು. ಆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಶಾಖ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆ ಅದು ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಒಂಟಿಯಾಗಿ ಹರಡಿ, ಗಟ್ಟಿಯಾಗಿ ಒಣಗಿದ ಮೇಲೆ ಬಿಸಾಡಿ. ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: "ಗ್ಯಾರೇಜಿನಲ್ಲಿ ಕಾರು ನಿಲ್ಲಲೇಬೇಕು. ಜಾಗ ಎಲ್ಲಿದೆ?"

ಹಿಂದಿನ ಗೋಡೆ ಸಾಕು. ಅಲ್ಲಿ ಒಂದು ಬೆಂಚು, ಎರಡು ಅಡಿ ಅಗಲ, ನಿಮ್ಮಿಂದ ಅಲ್ಲಾಡಿಸಲು ಆಗದಷ್ಟು ಭಾರ. ಎತ್ತರ, ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಬರುವಷ್ಟು. ಹತ್ತರಿ ಕೆಲಸವೇ ಜಾಸ್ತಿ ಅಂದರೆ ಒಂದೆರಡು ಅಂಗುಲ ತಗ್ಗಿಸಿ. ಬೆಂಚಿನ ಒಂದು ಬದಿಯಿಂದ ದೀಪ ತಗ್ಗಾಗಿ ಬೀಳಲಿ. ಓರೆ ಬೆಳಕಿನಲ್ಲಿ ಹತ್ತರಿ ಬಿಟ್ಟ ಪ್ರತಿ ಏಣೂ ನೆರಳು ಹಾಕಿ ಕಾಣಿಸುತ್ತದೆ. ಹತಾರಗಳನ್ನು ಗೋಡೆಗೆ ತೂಗುಹಾಕಿ, ಬಳಸಿದ ಮೇಲೆ ಸ್ವಲ್ಪ ಎಣ್ಣೆ ಸವರಿ, ಥಂಡಿಗೆ ಬೇಗ ತುಕ್ಕು ಹಿಡಿಯುತ್ತದೆ. ಕೆಲಸ ಶುರು ಮಾಡುವ ಮೊದಲು ಕಾರನ್ನು ಹೊರಗೆ ನಿಲ್ಲಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ, ಡ್ರಿಲ್‌ನ ಕಿಡಿ ಸಾಕು. ಹಾಗೇ ದೊಡ್ಡ ಬಾಗಿಲನ್ನು ಪೂರ್ತಿ ತೆಗೆದು ಗಾಳಿ ಆಡಲು ಬಿಟ್ಟು, ಆಮೇಲೆ ಉಳಿ ಕೈಗೆ ತಗೊಳ್ಳಿ.